ನಮ್ಮ ಅಂಗಳದ ಒಂಟಿ ಜೇನುಗಳು

ಜೇನು ಎಂದೊಡನೆ ನಮಗೆ ನೆನಪಾಗುವುದು ಮರದ ಕೊಂಬೆಯಲ್ಲಿ ತೂಗುವ ದೊಡ್ಡ ಹುಟ್ಟು, ಅದರಲ್ಲಿ ಸಾವಿರಾರು ನೊಣಗಳು, ಅವುಗಳ ನಡುವೆ ಒಂದು ರಾಣಿ, ಕೊನೆಗೆ ಬಾಟಲಿಗೆ ಇಳಿಯುವ ತುಪ್ಪ. ಹೆಜ್ಜೇನು, ತುಡುವೆ, ಕೋಲುಜೇನು, ಮುಜಂಟಿ ಇವೆಲ್ಲ ನಮಗೆ ಹೆಸರಿನಿಂದ ಗೊತ್ತು. ಆದರೆ ಜೇನಿನ ಕುಟುಂಬ ಇಷ್ಟಕ್ಕೆ ಮುಗಿಯುವುದಿಲ್ಲ. ಪ್ರಪಂಚದಲ್ಲಿ ವಿಜ್ಞಾನಿಗಳು ಗುರುತಿಸಿರುವ ಜೇನುಗಳ ಪ್ರಭೇದಗಳು ಸುಮಾರು 20,000. ನಮ್ಮ ಭಾರತದಲ್ಲೇ ಏಳುನೂರಕ್ಕೂ ಹೆಚ್ಚು ಇವೆ. ಇವುಗಳಲ್ಲಿ ಹೆಚ್ಚಿನವಕ್ಕೆ ರಾಣಿ ಇಲ್ಲ, ಕೆಲಸಗಾರ್ತಿಯರ ಪಡೆ ಇಲ್ಲ, ಹುಟ್ಟೂ ಇಲ್ಲ, ತುಪ್ಪವೂ ಇಲ್ಲ. ಪ್ರತಿಯೊಂದು ಹೆಣ್ಣು ಜೇನೂ ತಾನೊಬ್ಬಳೇ ಮನೆ ಕಟ್ಟಿ, ತಾನೊಬ್ಬಳೇ ಆಹಾರ ತಂದು, ತಾನೊಬ್ಬಳೇ ಮೊಟ್ಟೆಯಿಟ್ಟು ಸಂಸಾರ ಸಾಗಿಸುತ್ತಾಳೆ. ಇವೇ ಒಂಟಿ ಜೇನುಗಳು.

ಇವು ದೂರದ ಕಾಡಿನಲ್ಲಿ ಮಾತ್ರ ಇರುವವಲ್ಲ. ನಮ್ಮ ಕಿಟಕಿಯ ಚೌಕಟ್ಟಿನಲ್ಲಿ, ಅಂಗಳದ ಮಣ್ಣಿನಲ್ಲಿ, ಗುಲಾಬಿ ಗಿಡದ ಪಕ್ಕದಲ್ಲಿ, ಕಾಂಪೌಂಡ್ ಗೋಡೆಯ ಸಂದಿನಲ್ಲಿ ನಮ್ಮೊಂದಿಗೇ ವಾಸಿಸುತ್ತಿವೆ. ಪರಿಚಯವಿಲ್ಲದ ಕಾರಣ ನಾವು ಇವನ್ನು ಯಾವುದೋ ಹುಳ ಎಂದು ಪೊರಕೆಯಿಂದ ಹೊಡೆದು ಹಾಕುತ್ತೇವೆ ಅಥವಾ ಸ್ಪ್ರೇ ಸಿಂಪಡಿಸುತ್ತೇವೆ.

ಪವಿತ್ರ ಕುರ್‌ಆನಿನ 16ನೇ ಅಧ್ಯಾಯದ ಹೆಸರೇ ಅನ್ನಹ್ಲ್, ಅಂದರೆ ಜೇನು. ಅದರ 68ನೇ ಸೂಕ್ತದಲ್ಲಿ ಜೇನು ಮನೆ ಮಾಡಿಕೊಳ್ಳಬೇಕಾದ ಮೂರು ಜಾಗಗಳ ಪ್ರಸ್ತಾಪವಿದೆ. ಒಂದು ಬೆಟ್ಟಗಳು, ಇನ್ನೊಂದು ಮರಗಳು, ಮೂರನೆಯದು ಮನುಷ್ಯರು ಕಟ್ಟಿ ನಿಲ್ಲಿಸುವಂಥವು. ಈ ಆಜ್ಞೆಯ ಅರಬಿ ಕ್ರಿಯಾಪದ ಸ್ತ್ರೀಲಿಂಗದಲ್ಲಿದೆ ಎಂಬುದೂ ಗಮನಾರ್ಹ. ಮುಂದಿನ ಸೂಕ್ತದಲ್ಲಿ ಜೇನಿನ ಹೊಟ್ಟೆಯಿಂದ ಬರುವ ಪಾನೀಯದ ಮಾತು ಬರುವುದರಿಂದ ಅಲ್ಲಿ ಹೇಳಿರುವುದು ತುಪ್ಪ ಕೊಡುವ ಜೇನಿನ ಬಗ್ಗೆ ಎಂಬುದು ಸ್ಪಷ್ಟ. ಆದರೆ ಒಂಟಿ ಜೇನುಗಳ ಮನೆ ಹುಡುಕುತ್ತಾ ಹೊರಟರೂ ನಾವು ಬಂದು ನಿಲ್ಲುವುದು ಇವೇ ಮೂರು ಜಾಗಗಳಿಗೆ: ನೆಲ, ಮರ ಮತ್ತು ಮನುಷ್ಯನ ಕಟ್ಟಡ.

ಮಣ್ಣಿನೊಳಗಿನ ಮನೆ

ಒಂಟಿ ಜೇನುಗಳಲ್ಲಿ ಹೆಚ್ಚಿನವು ಮನೆ ಮಾಡುವುದು ಮಣ್ಣಿನಲ್ಲಿ. ಗಟ್ಟಿಯಾದ, ನೀರು ನಿಲ್ಲದ, ಹುಲ್ಲು ದಟ್ಟವಾಗಿ ಬೆಳೆಯದ ಬಿಸಿಲು ಬೀಳುವ ನೆಲ ಇವಕ್ಕೆ ಇಷ್ಟ. ಹೆಣ್ಣು ಜೇನು ತನ್ನ ದವಡೆ ಮತ್ತು ಕಾಲುಗಳಿಂದ ಮಣ್ಣನ್ನು ಕೆದಕಿ ಬೆರಳಿಗಿಂತ ಸಪೂರದ ಸುರಂಗ ಕೊರೆಯುತ್ತದೆ. ಆ ಸುರಂಗದ ಪಕ್ಕಗಳಲ್ಲಿ ಪುಟ್ಟ ಪುಟ್ಟ ಕೋಣೆಗಳಿರುತ್ತವೆ. ಮಣ್ಣಿನ ತೇವ ಒಳಗೆ ಇಳಿದು ಆಹಾರ ಕೆಡದಂತೆ ಎಷ್ಟೋ ಪ್ರಭೇದಗಳು ತಮ್ಮ ಮೈಯಿಂದ ಒಸರುವ ಮೇಣದಂತಹ ದ್ರವವನ್ನು ಕೋಣೆಯ ಗೋಡೆಗೆ ಸವರುತ್ತವೆ. ನಾವು ಟೆರೇಸಿಗೆ ವಾಟರ್‌ಪ್ರೂಫ್ ಮಾಡಿಸುತ್ತೇವಲ್ಲ, ಹಾಗೆ.

ನಮ್ಮಲ್ಲಿ ಸುಲಭವಾಗಿ ಗುರುತಿಸಬಹುದಾದ ಮಣ್ಣಿನ ಜೇನೆಂದರೆ ನೀಲಿ ಪಟ್ಟೆಯ ಜೇನು. ಇದರ ಹೊಟ್ಟೆಯ ಮೇಲೆ ಹೊಳೆಯುವ ನೀಲಿ ಬಣ್ಣದ ಪಟ್ಟೆಗಳಿವೆ. ಒಂದು ಹೂವಿನಿಂದ ಇನ್ನೊಂದಕ್ಕೆ ಮಿಂಚಿನಂತೆ ಹಾರುತ್ತದೆ, ಗುಂಯ್ ಎಂಬ ಸದ್ದು ದೂರಕ್ಕೇ ಕೇಳಿಸುತ್ತದೆ. ಕಾಡು ಪ್ರದೇಶದಲ್ಲಿ ಇದು ತೊರೆಯ ದಂಡೆ, ಕಡಿದ ಗುಡ್ಡದ ಬದಿಗಳಲ್ಲಿ ಗೂಡು ಮಾಡುತ್ತದೆ. ಊರಿನಲ್ಲಿ ಮಣ್ಣಿನ ಗೋಡೆ, ಕಲ್ಲುಗಳ ನಡುವಿನ ಹಳೆಯ ಮೆತ್ತನೆಯ ಗಾರೆ ಸಿಕ್ಕಿದರೂ ಸಾಕು. ಇದರ ಗಂಡಿಗೆ ಮನೆಯೇ ಇಲ್ಲ. ಸಂಜೆಯಾದರೆ ಗಂಡು ಜೇನುಗಳು ಒಣಗಿದ ಕಡ್ಡಿಯನ್ನೋ ಹುಲ್ಲಿನ ದಂಟನ್ನೋ ದವಡೆಯಿಂದ ಕಚ್ಚಿ ಹಿಡಿದು ಸಾಲಾಗಿ ತೂಗುತ್ತಾ ನಿದ್ದೆ ಮಾಡುತ್ತವೆ. ಮುಸ್ಸಂಜೆಯಲ್ಲಿ ಗಿಡಗಳಿಗೆ ನೀರು ಹಾಕುವಾಗ ಈ ದೃಶ್ಯ ಕಂಡರೆ ಮಕ್ಕಳನ್ನು ಕರೆದು ತೋರಿಸಿ. ಗಂಡು ಜೇನಿಗೆ ಮುಳ್ಳಿಲ್ಲ, ಅದು ಕಚ್ಚೀತೆಂಬ ಭಯ ಬೇಡ.

ಮರದೊಳಗಿನ ಮನೆ

ಹಳೆಯ ಹಂಚಿನ ಮನೆಯ ಪಕಾಸಿಯಲ್ಲಿ, ತೊಲೆಯಲ್ಲಿ, ಒಣ ಬಿದಿರಿನಲ್ಲಿ ಅಚ್ಚುಕಟ್ಟಾದ ದುಂಡನೆಯ ತೂತು ಕಂಡಿದ್ದೀರಾ? ಕೆಳಗೆ ಹಿಟ್ಟಿನಂತೆ ಮರದ ಪುಡಿ ಬಿದ್ದಿರುತ್ತದೆ. ಅದು ಬಡಗಿ ಜೇನಿನ ಕೆಲಸ. ಹೊಳೆಯುವ ಕಪ್ಪು ಮೈ, ನೇರಳೆ ಛಾಯೆಯ ರೆಕ್ಕೆ, ಹೆಬ್ಬೆರಳ ತುದಿಯಷ್ಟು ದಪ್ಪ. ಜನ ಇದನ್ನು ಕರಿದುಂಬಿ ಎಂದೂ ಕರೆಯುತ್ತಾರೆ. ಇದು ಮರವನ್ನು ತಿನ್ನುವುದಿಲ್ಲ, ಕೊರೆಯುತ್ತದೆ ಅಷ್ಟೆ. ಕೊರೆದ ಪುಡಿಯಿಂದಲೇ ಕೋಣೆಗಳ ನಡುವೆ ಅಡ್ಡಗೋಡೆ ಕಟ್ಟುತ್ತದೆ. ಪ್ರತಿ ಕೋಣೆಯಲ್ಲೂ ಪರಾಗದ ಒಂದು ಉಂಡೆ, ಅದರ ಮೇಲೆ ಒಂದೇ ಒಂದು ಮೊಟ್ಟೆ. ಬಡಗಿ ಜೇನಿನ ಮೊಟ್ಟೆಗಳು ಕೀಟಲೋಕದಲ್ಲಿಯೇ ಅತಿ ದೊಡ್ಡ ಮೊಟ್ಟೆಗಳ ಸಾಲಿಗೆ ಸೇರುತ್ತವೆ.

ಇದರದೇ ಬಳಗಕ್ಕೆ ಸೇರಿದ ಅತಿ ಚಿಕ್ಕ ಜೇನುಗಳೂ ಇವೆ. ದೊಡ್ಡ ಇರುವೆಯಷ್ಟೇ ಗಾತ್ರದ ಇವು ಬೆಂಡಿನಂತಹ ತಿರುಳಿರುವ ಒಣ ಕಡ್ಡಿಗಳನ್ನು ಹುಡುಕುತ್ತವೆ. ಲಂಟಾನದ ಪೊದೆಯನ್ನು ಕಡಿದಾಗ ಉಳಿಯುವ ಒಣ ಕೊಂಬೆಗಳ ತುದಿಯಲ್ಲಿ ಇವುಗಳ ಬಾಗಿಲನ್ನು ಕಾಣಬಹುದು.

ಬಡಗಿ ಜೇನುಗಳಲ್ಲಿ ಒಂದು ಪ್ರಭೇದವಂತೂ ಬಹಳ ವಿಶೇಷದ್ದು. ಮಹಾರಾಷ್ಟ್ರದ ಪಶ್ಚಿಮ ಘಟ್ಟದ ಭೀಮಾಶಂಕರ ಕಾಡಿನಲ್ಲಿ ವಾಸಿಸುವ ಈ ಜೇನು ಚಂದ್ರನಿಲ್ಲದ ರಾತ್ರಿಯಲ್ಲೂ ಹಾರುತ್ತದೆ. ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯ ರೆನೀ ಬೋರ್ಜಸ್, ಹೇಮಾ ಸೋಮನಾಥನ್ ಮತ್ತು ಅವರ ಜತೆಗಾರರು ಇದರ ಗೂಡಿನ ಬಳಿ ಬಣ್ಣದ ಗುರುತುಗಳನ್ನು ಇಟ್ಟು ಪರೀಕ್ಷಿಸಿದರು. ಬರೀ ನಕ್ಷತ್ರಗಳ ಬೆಳಕಿನಲ್ಲಿಯೂ ಅದು ಬಣ್ಣವನ್ನು ಗುರುತಿಸಿ ತನ್ನ ಮನೆಯ ಬಾಗಿಲಿಗೆ ಬಂದು ಸೇರುತ್ತದೆ ಎಂಬುದು 2008ರಲ್ಲಿ ಪ್ರಕಟವಾಯಿತು. ನಮಗೆ ಅಂಗೈ ಕಾಣದ ಕತ್ತಲೆಯಲ್ಲಿ ಆ ಪುಟ್ಟ ಜೀವಕ್ಕೆ ಬಣ್ಣ ಕಾಣುವ ಕಣ್ಣನ್ನು ಅಲ್ಲಾಹನು ದಯಪಾಲಿಸಿದ್ದಾನೆ.

ಗೋಡೆಯ ತೂತಿನ ಬಾಡಿಗೆದಾರರು

ಎಲ್ಲ ಜೇನುಗಳಿಗೂ ಕೊರೆಯುವ ಶಕ್ತಿಯಿಲ್ಲ. ಕೆಲವು ಸಿದ್ಧವಾಗಿರುವ ತೂತುಗಳನ್ನೇ ಆರಿಸಿಕೊಳ್ಳುತ್ತವೆ. ಕಾಡಿನಲ್ಲಾದರೆ ಇತರ ಕೀಟಗಳು ಕೊರೆದು ಬಿಟ್ಟುಹೋದ ಮರದ ತೂತು, ಟೊಳ್ಳು ದಂಟು. ಪೇಟೆಯಲ್ಲಾದರೆ ಗೋಡೆಗೆ ಹೊಡೆದ ಮೊಳೆಯ ತೂತು, ಬೀಗದ ಕಿಂಡಿ, ಕಿಟಕಿಯ ಹಳಿ, ತುಂಡಾದ ಪೈಪು, ಬಳಸದೆ ಬಿಟ್ಟ ಪ್ಲಗ್ಗಿನ ರಂಧ್ರ. ಕೆಲವು ಜೇನುಗಳು ಇಂತಹ ತೂತಿನೊಳಗೆ ಮಣ್ಣಿನಿಂದಲೋ ಮರದ ಅಂಟಿನಿಂದಲೋ ಕೋಣೆ ಮಾಡುತ್ತವೆ.

ಇವುಗಳಲ್ಲಿ ಎಲೆ ಕತ್ತರಿಸುವ ಜೇನಿನ ಕೆಲಸ ನೋಡುವಂತಹದು. ಗುಲಾಬಿಯ ಅಥವಾ ತೊಗರಿಯ ಎಲೆಯ ಅಂಚಿನಲ್ಲಿ ಯಾರೋ ಕತ್ತರಿ ಹಿಡಿದು ಅರ್ಧಚಂದ್ರದಂತೆ ಕತ್ತರಿಸಿದ ಗುರುತು ಕಂಡರೆ ಅದು ಇದರದೇ. ಗಿಡಕ್ಕೆ ರೋಗ ಬಂತೆಂದು ಔಷಧಿ ಹೊಡೆಯಲು ಓಡಬೇಡಿ. ಅದು ಎಲೆಯನ್ನು ತಿಂದಿಲ್ಲ, ಮಗುವಿಗೆ ತೊಟ್ಟಿಲು ಮಾಡಲು ಒಯ್ದಿದೆ. ಉದ್ದನೆಯ ತುಣುಕುಗಳನ್ನು ಒಂದರ ಮೇಲೊಂದು ಜೋಡಿಸಿ ಬಟ್ಟಲಿನಂತೆ ಮಾಡುತ್ತದೆ, ದುಂಡನೆಯ ತುಣುಕುಗಳನ್ನು ಮುಚ್ಚಳವಾಗಿ ಬಳಸುತ್ತದೆ. ಗೋಡೆಗೆ ಯಾವ ಆಕಾರ, ಮುಚ್ಚಳಕ್ಕೆ ಯಾವ ಆಕಾರ ಎಂಬುದನ್ನು ಅದಕ್ಕೆ ಯಾರೂ ಕಲಿಸಿಕೊಟ್ಟಿಲ್ಲ.

ಟರ್ಕಿ ಮತ್ತು ಇರಾನಿನಲ್ಲಿ ಎಲೆಯ ಬದಲು ಹೂವಿನ ಎಸಳುಗಳಿಂದಲೇ ಮನೆ ಕಟ್ಟುವ ಒಂದು ಒಂಟಿ ಜೇನು ಇದೆ. ಇದರ ಗೂಡಿನ ವಿವರ 2010ರಲ್ಲಿ ಪ್ರಕಟವಾಯಿತು. ಹೊರಗೊಂದು ಪದರ ಎಸಳು, ಒಳಗೊಂದು ಪದರ ಎಸಳು, ನಡುವೆ ತೆಳ್ಳನೆಯ ಮಣ್ಣು. ಒಂದೊಂದು ಕೋಣೆಯೂ ಬಣ್ಣಬಣ್ಣದ ಪುಟ್ಟ ಪೊಟ್ಟಣದಂತೆ ಕಾಣುತ್ತದೆ. ಎರಡು ದೇಶಗಳಲ್ಲಿ ಕೆಲಸ ಮಾಡುತ್ತಿದ್ದ ಎರಡು ತಂಡಗಳಿಗೆ ಇದು ಒಂದೇ ದಿನ ಕಣ್ಣಿಗೆ ಬಿದ್ದದ್ದು ಇನ್ನೊಂದು ಸೋಜಿಗ.

ಇದಕ್ಕೆ ವಿರುದ್ಧವಾದ ಸುದ್ದಿ ಕೆನಡಾದ ಟೊರಾಂಟೊ ನಗರದಿಂದ ಬಂತು. ಅಲ್ಲಿನ ಎಲೆ ಕತ್ತರಿಸುವ ಜೇನಿನ ಗೂಡುಗಳನ್ನು ಬಿಚ್ಚಿ ನೋಡಿದಾಗ ಎಲೆಯ ಜತೆಗೆ ಪ್ಲಾಸ್ಟಿಕ್ ಚೀಲದ ತುಣುಕುಗಳು ಸಿಕ್ಕಿದವು. ಮರದ ಅಂಟು ಬಳಸುವ ಇನ್ನೊಂದು ಪ್ರಭೇದವು ಕಟ್ಟಡಕ್ಕೆ ಬಳಿಯುವ ಸೀಲಂಟನ್ನು ತಂದು ಕೋಣೆ ಕಟ್ಟಿತ್ತು. 2013ರಲ್ಲಿ ಈ ಅಧ್ಯಯನ ಪ್ರಕಟವಾಯಿತು. ಕೆಲವು ಮರಿಗಳು ಆ ಕೋಣೆಗಳಿಂದಲೂ ಹೊರಬಂದವು ಎಂಬುದು ಸಮಾಧಾನದ ವಿಷಯ. ಆದರೆ ನಾವು ಬೀದಿಗೆ ಎಸೆದದ್ದು ಯಾರ ಯಾರ ತೊಟ್ಟಿಲಿಗೆ ಹೋಗಿ ಸೇರುತ್ತದೆ ಎಂದು ಯೋಚಿಸುವಂತೆ ಮಾಡುವ ವಿಷಯವೂ ಹೌದು.

ಒಂದು ಮಾತು ಇಲ್ಲಿ ಹೇಳಬೇಕು. ಕಿಟಕಿಯ ಮೂಲೆಯಲ್ಲಿ ಮಡಕೆಯಂತೆಯೋ ಮುದ್ದೆಯಂತೆಯೋ ಅಂಟಿಕೊಂಡಿರುವ ಮಣ್ಣಿನ ಗೂಡು ಸಾಮಾನ್ಯವಾಗಿ ಜೇನಿನದಲ್ಲ, ಕಣಜದ್ದು. ಕಣಜವು ತನ್ನ ಮರಿಗೆ ಕಂಬಳಿಹುಳವನ್ನೋ ಜೇಡವನ್ನೋ ತಂದಿಡುತ್ತದೆ. ಜೇನು ತರುವುದು ಪರಾಗ ಮತ್ತು ಮಕರಂದ ಮಾತ್ರ.

ತಾಯಿ ಕಾಣದ ಮಕ್ಕಳು

ಒಂದು ಕೋಣೆಗೆ ಬೇಕಾಗುವಷ್ಟು ಪರಾಗ ತರಲು ಎಲೆ ಕತ್ತರಿಸುವ ಜೇನು ಹದಿನೈದು ಇಪ್ಪತ್ತು ಬಾರಿ ಹೂವಿಗೂ ಗೂಡಿಗೂ ಓಡಾಡಬೇಕಾಗುತ್ತದೆ. ಪರಾಗವನ್ನು ಮಕರಂದದೊಂದಿಗೆ ಕಲಸಿಟ್ಟು, ಮೇಲೊಂದು ಮೊಟ್ಟೆಯಿಟ್ಟು, ಕೋಣೆಯನ್ನು ಮುಚ್ಚಿ ಮುಂದಿನ ಕೋಣೆಗೆ ಕೈಹಾಕುತ್ತದೆ. ಸುರಂಗದ ಒಳತುದಿಯ ಕೋಣೆಗಳಲ್ಲಿ ಹೆಣ್ಣು ಮರಿಗಳ ಮೊಟ್ಟೆ, ಬಾಗಿಲಿನ ಕಡೆಗೆ ಗಂಡು ಮರಿಗಳ ಮೊಟ್ಟೆ. ಏಕೆಂದರೆ ಮೊದಲು ಹೊರಬರುವವು ಗಂಡುಗಳು. ಒಳಗಿರುವ ಹೆಣ್ಣಿನ ಮರಿಗೆ ಬುತ್ತಿಯೂ ಹೆಚ್ಚು.

ಕೊನೆಯ ಕೋಣೆ ಮುಗಿದ ಮೇಲೆ ಹೊರಬಾಗಿಲನ್ನು ಭದ್ರವಾಗಿ ಮುಚ್ಚಿ ತಾಯಿ ಹೊರಟುಹೋಗುತ್ತಾಳೆ. ಅವಳ ಆಯುಷ್ಯ ಕೆಲವೇ ವಾರಗಳದ್ದು. ಮರಿಗಳು ಹೊರಬರುವಷ್ಟರಲ್ಲಿ ಹೆಚ್ಚಾಗಿ ಅವಳು ಬದುಕಿರುವುದಿಲ್ಲ. ತಾನು ನೋಡದ ಮಕ್ಕಳಿಗಾಗಿ ಅವಳು ಅಳತೆ ತಪ್ಪದ ಬುತ್ತಿ ಕಟ್ಟಿಟ್ಟಿರುತ್ತಾಳೆ. ಬಡಗಿ ಜೇನಿನ ತಾಯಿ ಮಾತ್ರ ಹೆಚ್ಚು ಕಾಲ ಬದುಕಿ ಎಷ್ಟೋ ಸಲ ಮಕ್ಕಳ ಮುಖ ನೋಡುವ ಭಾಗ್ಯ ಪಡೆಯುತ್ತಾಳೆ. ಭೂಮಿಯ ಮೇಲೆ ಚಲಿಸುವ ಪ್ರತಿಯೊಂದು ಜೀವಿಯ ಅನ್ನಾಧಾರದ ಹೊಣೆ ಅಲ್ಲಾಹನ ಮೇಲಿದೆ ಎಂದು ಕುರ್‌ಆನಿನ ಹೂದ್ ಅಧ್ಯಾಯ ನಮಗೆ ಕಲಿಸುತ್ತದೆ. ಆ ಹೊಣೆ ಈಡೇರುವ ಒಂದು ದಾರಿಯನ್ನು ನಾವು ಇಲ್ಲಿ ಕಣ್ಣಾರೆ ಕಾಣುತ್ತೇವೆ.

ಒಂಟಿ ಜೇನಿಗೆ ಕಾಯಬೇಕಾದ ತುಪ್ಪದ ಭಂಡಾರ ಇಲ್ಲದಿರುವುದರಿಂದ ಅದು ಮೇಲೆರಗಿ ಕುಟುಕುವುದು ತೀರಾ ಅಪರೂಪ. ಕೈಯಲ್ಲಿ ಹಿಡಿದು ಹಿಸುಕಿದರೆ ಮಾತ್ರ ಹೆಣ್ಣು ಜೇನು ಚುಚ್ಚೀತು. ಹೆಜ್ಜೇನಿನ ಭಯವನ್ನು ಇವುಗಳ ಮೇಲೆ ಹೇರುವುದು ನ್ಯಾಯವಲ್ಲ.

ನಮ್ಮ ಅಡುಗೆಮನೆಗೂ ಇವಕ್ಕೂ ಏನು ಸಂಬಂಧ?

ಬದನೆಯ ಹೂವನ್ನು ಹತ್ತಿರದಿಂದ ನೋಡಿ. ಅದರ ಹಳದಿ ಕೇಸರಗಳ ತುದಿಯಲ್ಲಿ ಉಪ್ಪಿನ ಡಬ್ಬಿಯಂತೆ ಸಣ್ಣ ರಂಧ್ರಗಳಿವೆ. ಪರಾಗ ಆ ರಂಧ್ರದಿಂದಲೇ ಉದುರಬೇಕು. ನೀಲಿ ಪಟ್ಟೆಯ ಜೇನು, ಬಡಗಿ ಜೇನು ಮುಂತಾದವು ಹೂವನ್ನು ಗಟ್ಟಿಯಾಗಿ ಅಪ್ಪಿ ಹಿಡಿದು, ರೆಕ್ಕೆ ಬಡಿಯದೆ ಎದೆಯ ಸ್ನಾಯುಗಳನ್ನು ಅದುರಿಸುತ್ತವೆ. ಡಬ್ಬಿ ಅಲ್ಲಾಡಿಸಿದಂತೆ ಪರಾಗ ಉದುರುತ್ತದೆ. ಪೆಟ್ಟಿಗೆಯಲ್ಲಿ ಸಾಕುವ ಜೇನಿಗೆ ಈ ವಿದ್ಯೆ ಬರುವುದಿಲ್ಲ. ಟೊಮೆಟೊ ಹೂವಿನದೂ ಇದೇ ಬಗೆಯ ರಚನೆ. ತಾರಸಿ ತೋಟದಲ್ಲಿ ಬದನೆ ಗಿಡ ಹೂ ಬಿಟ್ಟೂ ಕಾಯಿ ಕಚ್ಚುವುದಿಲ್ಲ ಎಂದು ಎಷ್ಟೋ ಸಹೋದರಿಯರು ಹೇಳುವುದುಂಟು. ಗೊಬ್ಬರ ನೀರುಗಳ ಜತೆಗೆ ಸುತ್ತಮುತ್ತ ಇಂತಹ ಜೇನುಗಳು ಇವೆಯೇ ಎಂದೂ ನೋಡಬೇಕು.

ಬಿರಿಯಾನಿಗೂ ಪಾಯಸಕ್ಕೂ ಹಾಕುವ ಏಲಕ್ಕಿಯ ಕತೆಯೂ ಇದೆ. ಪಶ್ಚಿಮ ಘಟ್ಟದಲ್ಲಿ ನಡೆದು 2007ರಲ್ಲಿ ಪ್ರಕಟವಾದ ಅಧ್ಯಯನದ ಪ್ರಕಾರ ತೋಟದ ಏಲಕ್ಕಿಗೆ ಹೆಚ್ಚಾಗಿ ಬರುವುದು ಹುಟ್ಟು ಕಟ್ಟುವ ಜೇನುಗಳು. ಆದರೆ ಕಾಡಿನಲ್ಲಿ ತಾನಾಗಿ ಬೆಳೆಯುವ ಏಲಕ್ಕಿಯ ಪರಾಗಸ್ಪರ್ಶ ಮಾಡುವುದು ಒಂಟಿ ಜೇನುಗಳೇ. ಪ್ಯಾಶನ್ ಹಣ್ಣಿನ ದೊಡ್ಡ ಹೂವಿಗೆ ಬಡಗಿ ಜೇನಿನಂತಹ ದಪ್ಪ ಮೈಯ ಅತಿಥಿಯೇ ಬೇಕು, ಸಣ್ಣ ಜೇನುಗಳ ಮೈಗೆ ಅದರ ಪರಾಗ ಸರಿಯಾಗಿ ತಾಗುವುದೇ ಇಲ್ಲ.

ಸ್ವಚ್ಛತೆಯೆಂದರೆ ಕಾಂಕ್ರೀಟಲ್ಲ

ಇಂದು ಒಂಟಿ ಜೇನಿನ ಕಷ್ಟ ಎರಡು ಬಗೆಯದು. ಹೂವಿಲ್ಲ, ಮನೆಗೆ ಜಾಗವೂ ಇಲ್ಲ. ಹೆಚ್ಚಿನ ಒಂಟಿ ಜೇನುಗಳು ಗೂಡಿನಿಂದ ಕೆಲವು ನೂರು ಮೀಟರಿಗಿಂತ ದೂರ ಹೋಗಲಾರವು. ಆದ್ದರಿಂದ ಹೂವೂ ಮನೆಯೂ ಹತ್ತಿರ ಹತ್ತಿರ ಇರಬೇಕು. ಮಗಳ ಮದುವೆ ಗೊತ್ತಾದರೆ ಅಥವಾ ಹೊಸ ಮನೆ ಕಟ್ಟಿದರೆ ನಾವು ಮೊದಲು ಮಾಡುವ ಕೆಲಸ ಅಂಗಳಕ್ಕೆಲ್ಲ ಇಂಟರ್‌ಲಾಕ್ ಹಾಕಿಸುವುದು. ಕೆಸರಿಲ್ಲ, ಗುಡಿಸಲು ಸುಲಭ, ನೋಡಲು ಚೆಂದ. ಆದರೆ ಆ ನೆಲದ ಕೆಳಗೆ ಮುಚ್ಚಿದ ಕೋಣೆಗಳಲ್ಲಿ ಮುಂದಿನ ಋತುವಿಗಾಗಿ ಕಾಯುತ್ತಿದ್ದ ಮರಿಗಳಿದ್ದರೆ ಅವು ಮತ್ತೆ ಬೆಳಕು ಕಾಣುವುದಿಲ್ಲ.

ಶುಚಿತ್ವ ಈಮಾನಿನ ಭಾಗವೆಂಬುದರಲ್ಲಿ ಎರಡು ಮಾತಿಲ್ಲ. ಆದರೆ ಮಣ್ಣೇ ಕೊಳಕು ಎಂಬ ಭಾವನೆ ನಮ್ಮ ಧರ್ಮದ್ದಲ್ಲ. ನೀರು ಸಿಗದಾಗ ತಯಮ್ಮುಮ್ ಮಾಡುವುದು ಶುದ್ಧ ಮಣ್ಣಿನಿಂದಲೇ ಅಲ್ಲವೇ? ನಮ್ಮನ್ನು ಸೃಷ್ಟಿಸಿದ್ದು ಮಣ್ಣಿನಿಂದ, ನಾವು ಹೋಗಿ ಸೇರುವುದೂ ಮಣ್ಣಿಗೆ. ಅಂಗಳದ ಒಂದು ಮೂಲೆಯಲ್ಲಿ ಬರೀ ಮಣ್ಣು ಉಳಿದರೆ ಮನೆಯ ಗೌರವಕ್ಕೆ ಕುಂದೇನೂ ಬರುವುದಿಲ್ಲ.

ಇರುವೆ, ಜೇನು, ಹುದ್‌ಹುದ್ ಮತ್ತು ಸುರದ್ ಎಂಬ ಹಕ್ಕಿ, ಈ ನಾಲ್ಕನ್ನು ಕೊಲ್ಲಬಾರದೆಂದು ಪ್ರವಾದಿ(ಸ) ತಡೆದಿದ್ದಾರೆ ಎಂಬ ವರದಿ ಅಬೂ ದಾವೂದ್ ಸಂಗ್ರಹದಲ್ಲಿದೆ. ನೆಟ್ಟ ಗಿಡದಿಂದ ಮನುಷ್ಯನೋ ಹಕ್ಕಿಯೋ ಪ್ರಾಣಿಯೋ ತಿಂದರೆ ಅದು ನೆಟ್ಟವನ ಪಾಲಿಗೆ ದಾನವಾಗುತ್ತದೆ ಎಂಬ ಹದೀಸ್ ಎಲ್ಲರಿಗೂ ತಿಳಿದದ್ದೇ. ಬೇಕೆಂದೇ ಕೊಲ್ಲದಿದ್ದರೂ ಇರಲು ಜಾಗವಿಲ್ಲದಂತೆ ಮಾಡುವುದು ಇನ್ನೊಂದು ಬಗೆಯ ಕೊಲೆಯೇ ಅಲ್ಲವೇ ಎಂದು ನಾವು ಕೇಳಿಕೊಳ್ಳಬೇಕಾಗಿದೆ.

ನಾವೇನು ಮಾಡಬಹುದು?

ಇದಕ್ಕೆ ಹಣ ಬೇಕಾಗಿಲ್ಲ. ಮನೆಯ ಅಂಗಳ, ತಾರಸಿ, ಹೂಕುಂಡಗಳ ಯಜಮಾನಿಕೆ ಹೆಚ್ಚಾಗಿ ಹೆಂಗಸರದೇ ಆದ್ದರಿಂದ ನಿರ್ಧಾರವೂ ನಮ್ಮ ಕೈಯಲ್ಲಿದೆ.

ಅಂಗಳದಲ್ಲಿ ಬಿಸಿಲು ಬೀಳುವ ಒಂದು ಚಾಪೆಯಷ್ಟು ಜಾಗವನ್ನು ಅಗೆಯದೆ, ಸಿಮೆಂಟು ಹಾಕದೆ ಬಿಡಿ. ಇಂಟರ್‌ಲಾಕ್ ಹಾಕಿಸುವುದಿದ್ದರೆ ಗೋಡೆಯ ಬದಿಯಲ್ಲಿ ಒಂದು ಪಟ್ಟಿ ಮಣ್ಣು ಉಳಿಯಲಿ.

ಫ್ಲಾಟಿನಲ್ಲಿರುವವರು ಬಿದಿರಿನ ತುಂಡುಗಳಿಂದ ಜೇನಿನ ಮನೆ ಮಾಡಬಹುದು. ಒಳಗಿನ ಟೊಳ್ಳು 4ರಿಂದ 10 ಮಿಲಿಮೀಟರ್ ಅಗಲವಿರುವ ಒಣ ಬಿದಿರನ್ನು 10ರಿಂದ 15 ಸೆಂಟಿಮೀಟರ್ ಉದ್ದಕ್ಕೆ ಕತ್ತರಿಸಿ. ಒಂದು ತುದಿಯಲ್ಲಿ ಗಂಟು ಇದ್ದು ಮುಚ್ಚಿರಬೇಕು, ಇನ್ನೊಂದು ತುದಿ ತೆರೆದಿರಬೇಕು. ಅಂಚು ನುಣುಪಾಗಿರಲಿ. ಹತ್ತಿಪ್ಪತ್ತು ತುಂಡುಗಳನ್ನು ಕಟ್ಟಾಗಿ ಕಟ್ಟಿ, ಬೆಳಗಿನ ಬಿಸಿಲು ತಾಗುವ ಮಳೆ ಬೀಳದ ಜಾಗದಲ್ಲಿ ಗಾಳಿಗೆ ಅಲ್ಲಾಡದಂತೆ ಅಡ್ಡಲಾಗಿ ಇಡಿ. ಬಣ್ಣ, ವಾರ್ನಿಶ್ ಬೇಡ. ಬಾಯಿ ಮುಚ್ಚಿಕೊಂಡ ಬಿದಿರು ಕಂಡರೆ ಒಳಗೆ ಸಂಸಾರ ಶುರುವಾಗಿದೆಯೆಂದು ತಿಳಿಯಿರಿ. ಮರಿಗಳು ಹೊರಬಂದ ಮೇಲೆ ಹಳೆಯ ತುಂಡುಗಳನ್ನು ತೆಗೆದು ಹೊಸದನ್ನಿಡಿ, ಇಲ್ಲವಾದರೆ ಬೂಷ್ಟು ಮತ್ತು ನುಸಿ ಸೇರಿಕೊಳ್ಳುತ್ತವೆ.

ಬಡಗಿ ಜೇನು ತೊಲೆ ಕೊರೆಯುತ್ತಿದ್ದರೆ ಅದನ್ನು ಕೊಲ್ಲುವ ಬದಲು ಮರಕ್ಕೆ ಬಣ್ಣ ಬಳಿಸಿ. ಬಣ್ಣ ಬಳಿಯದ ಹಳೆಯ ಮರವೇ ಅದಕ್ಕೆ ಇಷ್ಟ. ಗೂಡು ಖಾಲಿಯಾದ ಮೇಲೆ ತೂತು ಮುಚ್ಚಿ, ತೋಟದ ಮೂಲೆಯಲ್ಲಿ ಒಂದು ಒಣ ಕೊರಡು ಇಡಿ. ಪ್ಲಗ್ಗಿನ ತೂತಿನಲ್ಲಿ ಗೂಡು ಕಟ್ಟಿದ್ದರೆ ಮಾತ್ರ ಸುಮ್ಮನಿರಬೇಡಿ. ಮೈನ್ ಸ್ವಿಚ್ ಆಫ್ ಮಾಡಿಸಿ, ತಿಳಿದವರಿಂದ ಶುಚಿ ಮಾಡಿಸಿ. ಮನೆಯವರ ಸುರಕ್ಷತೆ ಮೊದಲು. ಬಳಸದ ಪ್ಲಗ್ಗಿಗೆ ಮುಚ್ಚಳ ಹಾಕಿಟ್ಟರೆ ಆ ಪ್ರಶ್ನೆಯೇ ಬರುವುದಿಲ್ಲ.

ಹೂವಿಗಾಗಿ ದುಬಾರಿ ಗಿಡ ಬೇಡ. ರಮಝಾನಿನ ಶರಬತ್ತಿಗೆ ಸಬ್ಜಾ ಬೀಜ ಕೊಡುವ ಕಾಮಕಸ್ತೂರಿ ಗಿಡದ ಹೂವೆಂದರೆ ನೀಲಿ ಪಟ್ಟೆಯ ಜೇನಿಗೆ ಪ್ರಾಣ. ಎರಡು ಕುಂಡಗಳಲ್ಲಿ ಬಿತ್ತಿ, ಹೂವನ್ನು ಚಿವುಟದೆ ಬಿಡಿ. ತೊಗರಿ, ಅವರೆ, ಸೆಣಬು ಇದ್ದರೆ ಬಡಗಿ ಜೇನೂ ಎಲೆ ಕತ್ತರಿಸುವ ಜೇನೂ ಬರುತ್ತವೆ. ಹೂಬಿಟ್ಟ ಗಿಡಕ್ಕೆ ಹಗಲಿನಲ್ಲಿ ಕೀಟನಾಶಕ ಹೊಡೆಯಲೇಬೇಡಿ.

ಇನ್ನೊಂದು ವಿಷಯವನ್ನು ಜಮಾಅತಿನ ಹಿರಿಯರ ಗಮನಕ್ಕೆ ತರುವುದು ಒಳ್ಳೆಯದು. ಪೇಟೆಗಳಲ್ಲಿ ಕಾಂಕ್ರೀಟು ಬೀಳದೆ ಉಳಿದಿರುವ ಬಯಲುಗಳಲ್ಲಿ ನಮ್ಮ ಖಬರಸ್ಥಾನಗಳೂ ಸೇರಿವೆ. ಅಲ್ಲಿ ಮಣ್ಣಿದೆ, ಕಾಡುಹೂವುಗಳಿವೆ, ಒಣ ಮರಗಳಿವೆ. ಕಳೆ ಹೆಚ್ಚಾಯಿತೆಂದು ಕಳೆನಾಶಕ ಸಿಂಪಡಿಸುವ ಬದಲು ಆಳು ಹಿಡಿದು ಕತ್ತಿಯಿಂದ ಸವರಿಸಿದರೆ ದಾರಿಯೂ ಸಿಗುತ್ತದೆ, ಜೀವಗಳೂ ಉಳಿಯುತ್ತವೆ. ಅದೂ ಒಮ್ಮೆಲೇ ಪೂರ್ತಿ ಬೋಳಿಸದೆ ಭಾಗ ಭಾಗವಾಗಿ ಮಾಡಿಸಬಹುದು. ಈ ಮಾತನ್ನು ಮನೆಯ ಗಂಡಸರ ಮೂಲಕ ಕಮಿಟಿಗೆ ತಲುಪಿಸಲು ನಮಗೆ ಯಾವ ಅಡ್ಡಿಯೂ ಇಲ್ಲ.

ವಿಶ್ವಸಂಸ್ಥೆಯ ಘೋಷಣೆಯಂತೆ 2018ರಿಂದ ಪ್ರತಿ ವರ್ಷ ಮೇ 20ನ್ನು ವಿಶ್ವ ಜೇನು ದಿನವಾಗಿ ಆಚರಿಸಲಾಗುತ್ತದೆ. ಅಂದು ಮಕ್ಕಳಿಗೆ ಶಾಲೆಗೆ ರಜೆ ಇರುತ್ತದೆ, ಮುಂಗಾರು ಇನ್ನೂ ಬಂದಿರುವುದಿಲ್ಲ. ಮನೆಯ ಸುತ್ತ ಒಂದು ಸುತ್ತು ಹಾಕಿ ತೊಲೆಯಲ್ಲಿ, ಗೋಡೆಯಲ್ಲಿ, ನೆಲದಲ್ಲಿ ಎಷ್ಟು ಬಾಗಿಲುಗಳಿವೆ ಎಂದು ಮಕ್ಕಳಿಂದಲೇ ಎಣಿಸಿ ಬರೆಸಿ. ಎಣಿಸಿದ ಮಗು ಆಮೇಲೆ ಆ ತೂತಿಗೆ ಕಡ್ಡಿ ಹಾಕಲಾರದು. ನಮ್ಮ ಮನೆಯ ಗೋಡೆ, ಮರ ಮತ್ತು ಮಣ್ಣಿನಲ್ಲಿ ಅಲ್ಲಾಹನು ಇನ್ನೊಬ್ಬಳು ತಾಯಿಗೂ ಪಾಲಿಟ್ಟಿದ್ದಾನೆ. ಆ ಪಾಲನ್ನು ಕಸಿದುಕೊಳ್ಳದೆ ಬಾಳುವ ವಿವೇಕವನ್ನು ಅವನು ನಮಗೆಲ್ಲ ಕರುಣಿಸಲಿ.